ಐದನೆಯ ತಿಂಗಳಲ್ಲಿ ಸತು ಕಡಿಮೆ, ತಾಮ್ರ ಹೆಚ್ಚು: ತಂಬಿಗೆಯ ನೀರು ಕಾರಣವೇ?

ಬಸವನಗುಡಿ ಗೃಹಿಣಿ:
ನನಗೀಗ ಇಪ್ಪತ್ತೆರಡನೆಯ ವಾರ. ಮನೆಯ ಹತ್ತಿರದ ಲ್ಯಾಬಿನಲ್ಲಿ ಗರ್ಭಿಣಿಯರ ಪ್ಯಾಕೇಜ್ ಎಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸತು, ಅಂದರೆ ಜಿಂಕ್, ಡೆಸಿಲೀಟರಿಗೆ 58 ಮೈಕ್ರೋಗ್ರಾಂ ಎಂದೂ ತಾಮ್ರ 205 ಎಂದೂ ಬಂದಿದ್ದು, ಎರಡರ ಪಕ್ಕದಲ್ಲೂ ಕೆಂಪು ಬಾಣವಿದೆ. ಹಿಮೋಗ್ಲೋಬಿನ್ 10.1. ರಾತ್ರಿ ತಾಮ್ರದ ತಂಬಿಗೆಯಲ್ಲಿ ತುಂಬಿಟ್ಟ ನೀರನ್ನು ಬೆಳಿಗ್ಗೆ ಕುಡಿಯುವುದು ನಮ್ಮ ಮನೆಯ ರೂಢಿ. ರಿಪೋರ್ಟ್ ನೋಡಿದ ಅತ್ತೆಯವರು ಅದೇ ಸಂಜೆ ತಂಬಿಗೆಯನ್ನು ಅಟ್ಟಕ್ಕೆ ಏರಿಸಿದರು. ಔಷಧಿ ಅಂಗಡಿಯವರು 50 ಮಿಲಿಗ್ರಾಂ ಜಿಂಕ್ ಮಾತ್ರೆ ಕೊಟ್ಟಿದ್ದಾರೆ. ಮಲಬದ್ಧತೆಯಿಂದಾಗಿ ಕಬ್ಬಿಣದ ಮಾತ್ರೆಯನ್ನು ಎರಡು ವಾರದಿಂದ ಬಿಟ್ಟಿರುವುದರಿಂದ, ಅದರ ಬದಲು ಇದನ್ನೇ ನುಂಗಬಹುದೇ?

ಲ್ಯಾಬಿನವಳು:
ಆ ಬಾಣಗಳು ಗರ್ಭಿಣಿಯರಲ್ಲದವರ ಮಿತಿಗೆ ಹೋಲಿಸಿ ಮೂಡಿದವು. ಬಸಿರಿನಲ್ಲಿ ರಕ್ತದ ನೀರಿನಂಶವಾದ ಪ್ಲಾಸ್ಮಾ ಕ್ರಮೇಣ 40ರಿಂದ 50 ಶೇಕಡಾದಷ್ಟು ಹೆಚ್ಚುತ್ತದೆ, ಸತುವನ್ನು ಹೊತ್ತೊಯ್ಯುವ ಆಲ್ಬುಮಿನ್ ಎಂಬ ಪ್ರೋಟೀನ್ ತೆಳುವಾಗುತ್ತದೆ, ಹಾಗಾಗಿ ಸತುವಿನ ಅಂಕಿಯೂ ಇಳಿಯುತ್ತದೆ. ಎರಡನೆಯ ಮತ್ತು ಮೂರನೆಯ ತ್ರೈಮಾಸಿಕದಲ್ಲಿ ಕೊರತೆಯೆಂದು ಪರಿಗಣಿಸುವುದು 50ಕ್ಕಿಂತ ಕೆಳಗೆ ಬಂದಾಗ. ತಾಮ್ರದ ಕಥೆ ಇದಕ್ಕೆ ತಿರುಗುಮುರುಗು: ಈಸ್ಟ್ರೋಜನ್ ಹಾರ್ಮೋನು ಹೆಚ್ಚಿದಂತೆ ಯಕೃತ್ತು ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ, ರಕ್ತದ ತಾಮ್ರದ ಬಹುಪಾಲು ಅದರಲ್ಲೇ ಇರುವುದರಿಂದ ಹೆರಿಗೆಯ ಹೊತ್ತಿಗೆ ತಾಮ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನಿಮ್ಮ 205 ಈ ತಿಂಗಳಿಗೆ ಸಹಜವೇ. ತಂಬಿಗೆಯ ಮೇಲೆ ಅಪವಾದ ಬೇಡ. (ಹುಳಿ ಮಜ್ಜಿಗೆ, ನಿಂಬೆ ಪಾನಕವನ್ನು ಮಾತ್ರ ಕಲಾಯಿ ಇಲ್ಲದ ತಾಮ್ರದಲ್ಲಿ ಇಡಬೇಡಿ.) ಇನ್ನೊಂದು ಮಾತು: ರಕ್ತ ಕೊಟ್ಟದ್ದು ತಿಂಡಿ ತಿಂದ ಮೇಲೋ, ಖಾಲಿ ಹೊಟ್ಟೆಯಲ್ಲೋ? ಇಡ್ಲಿ ತಿಂದು ಹನ್ನೊಂದು ಗಂಟೆಗೆ ಕೊಟ್ಟರೆ ಸತು ಇನ್ನಷ್ಟು ಇಳಿದು ಕಾಣುತ್ತದೆ, ಸೋಂಕಿದ್ದರೂ ಹಾಗೆಯೇ. ಇಂಥ ಪರೀಕ್ಷೆಗೆ ಕಡುನೀಲಿ ಮುಚ್ಚಳದ ಪ್ರತ್ಯೇಕ ಟ್ಯೂಬ್ ಬಳಸಬೇಕು, ಸಾಧಾರಣ ಟ್ಯೂಬಿನ ರಬ್ಬರಿನಿಂದಲೂ ಸತು ಬೆರೆಯುತ್ತದೆ.

ವಿಜಯನಗರದ ಆಹಾರ ತಜ್ಞೆ:
ಮೇಲಿನ ಉತ್ತರ ಸರಿಯಾಗಿದೆ, ಆದರೆ ನಿಮ್ಮ ಪ್ರಶ್ನೆಯಲ್ಲಿ ಎಲ್ಲರೂ ಹಾಯ್ದು ಹೋಗಿರುವ ಅಂಕಿ 10.1. ಪ್ಲಾಸ್ಮಾ ಹೆಚ್ಚುವುದನ್ನು ಲೆಕ್ಕಕ್ಕೆ ಹಿಡಿದು ವಿಶ್ವ ಆರೋಗ್ಯ ಸಂಸ್ಥೆಯು ಎರಡನೆಯ ತ್ರೈಮಾಸಿಕಕ್ಕೆ ಇಟ್ಟಿರುವ ಮಿತಿಯೇ 10.5, ಆದ್ದರಿಂದ ಇದು ರಕ್ತಹೀನತೆಯೇ. ಅಂಥ ಹೊತ್ತಿನಲ್ಲಿ ಕಬ್ಬಿಣ ಬಿಟ್ಟು ಸತು ಹಿಡಿಯುವುದು ಉಪ್ಪು ಬೇಕಾದ ಸಾರಿಗೆ ಬೆಲ್ಲ ಹಾಕಿದಂತೆ. ಅಂಗಡಿಯವರ 50 ಮಿಲಿಗ್ರಾಂ, ದಿನಕ್ಕೆ 40ರ ಮೇಲ್ಮಿತಿಯನ್ನೇ ದಾಟುತ್ತದೆ, ಮೇಲಾಗಿ ಅತಿಯಾದ ಸತು ತಾಮ್ರ ಹೀರಿಕೆಯನ್ನು ತಡೆಯುತ್ತದೆ. ಬಸುರಿಗೆ ಬೇಕಾದದ್ದು ಸುಮಾರು 14.5. ಅದನ್ನು ಊಟದಲ್ಲೇ ತುಂಬಿಸಲು ನೋಡಿ: ರಾಗಿ, ಹೆಸರುಕಾಳು, ಹುರುಳಿಯನ್ನು ನೆನೆಸಿ ಮೊಳಕೆ ಬರಿಸಿದರೆ, ಹಿಟ್ಟು ಹುದುಗಿಸಿದರೆ, ಖನಿಜವನ್ನು ಕಟ್ಟಿಹಾಕುವ ಫೈಟೇಟ್ ಕಡಿಮೆಯಾಗುತ್ತದೆ. ಮೊಟ್ಟೆ, ಮಾಂಸ ತಿನ್ನುವವರಿಗೆ ಇನ್ನೂ ಸುಲಭ. ವೈದ್ಯರನ್ನು ಕೇಳಿ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆಯೆಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಜ್ವರವಿದ್ದಾಗ ಬೇಡ, ಅದು ಸುಳ್ಳುಸುಳ್ಳಾಗಿ ಏರಿ ಕಾಣುತ್ತದೆ.

ಎರಡು ಮಕ್ಕಳ ತಾಯಿ, ರಾಜಾಜಿನಗರ:
ನನಗೂ ಕಬ್ಬಿಣದ ಮಾತ್ರೆ ಆಗಿಬರಲಿಲ್ಲ. ವೈದ್ಯರು ಬೇರೆ ಬಗೆಯ ಕಬ್ಬಿಣದ ಲವಣವಿರುವ ಮಾತ್ರೆ ಬರೆದುಕೊಟ್ಟರು, ರಾತ್ರಿ ಮಲಗುವಾಗ ನುಂಗಲು ಹೇಳಿದರು, ಕ್ಯಾಲ್ಸಿಯಂ ಮಾತ್ರೆಯನ್ನು ಮಧ್ಯಾಹ್ನಕ್ಕೆ ಸರಿಸಿದರು. ಊಟವಾದೊಡನೆ ಕುಡಿಯುತ್ತಿದ್ದ ಕಾಫಿಯನ್ನು ಮುಂದೂಡುವುದೇ ಕಷ್ಟವಾಯಿತು.

ಬಸವನಗುಡಿ ಗೃಹಿಣಿ:
ರಕ್ತ ಕೊಟ್ಟದ್ದು ದೋಸೆ, ಕಾಫಿ ಮುಗಿಸಿದ ಮೇಲೆಯೇ. ಜಿಂಕ್ ಪಟ್ಟಿಯನ್ನು ಒಡೆದಿರಲಿಲ್ಲ, ಹಿಂತಿರುಗಿಸಿದೆ. ನಾಳೆ ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋಗುವವಳಿದ್ದೇನೆ. ಮಾತ್ರೆ ಬಿಟ್ಟದ್ದನ್ನು ವೈದ್ಯರಿಗೆ ಹೇಳಬೇಕು. ತಂಬಿಗೆ ಇಳಿದು ಬಂದಿದೆ.