ನಿವೃತ್ತಿಗೆ ಒಂದು ಸಣ್ಣ ದೋಣಿ ಬೇಕು: ಎಷ್ಟು ಅಗಲ, ಎಷ್ಟು ಎಚ್‌ಪಿ ಎಂಜಿನ್?

ಕುದ್ರುಮನೆ

ಎಲ್ಲರಿಗೂ ನಮಸ್ಕಾರ. ಬರುವ ಮೇ 31ಕ್ಕೆ ನನ್ನ ನಿವೃತ್ತಿ. ಮೂವತ್ತೊಂದು ವರ್ಷ ದಾವಣಗೆರೆ ಕಡೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟೆ. ಊರು ಕುಂದಾಪುರದ ಹತ್ತಿರದ ಒಂದು ಕುದ್ರು, ಅಂದರೆ ಹೊಳೆಯ ನಡುವಿನ ದ್ವೀಪ. ಪಂಚಗಂಗಾವಳಿ ಹೊಳೆ ನಮ್ಮ ಹಿತ್ತಿಲಿಗೆ ತಾಗಿಕೊಂಡೇ ಇದೆ. ಉಬ್ಬರದ ಹೊತ್ತಿಗೆ ನೀರು ಕೊನೆಯ ತೆಂಗಿನಮರದ ಬುಡಕ್ಕೆ ಬರುತ್ತದೆ, ಇಳಿತದಲ್ಲಿ ನಲವತ್ತು ಹೆಜ್ಜೆ ಕೆಸರು ಬಿಟ್ಟು ಹಿಂದೆ ಸರಿಯುತ್ತದೆ.

ಅಪ್ಪನ ಹತ್ತಿರ ಒಂದು ಮರದ ಪಾತಿ ದೋಣಿ ಇತ್ತು. ಮಳೆಗಾಲ ಮುಗಿದ ಕೂಡಲೇ ಅದನ್ನು ಕವುಚಿ ಹಾಕಿ ಗೇರು ಎಣ್ಣೆ ಬಳಿಯುತ್ತಿದ್ದರು. ಆ ಘಾಟು ಎರಡು ದಿನ ಅವರ ಕೈಯಿಂದ ಹೋಗುತ್ತಿರಲಿಲ್ಲ, ಅದೇ ಕೈಯಲ್ಲಿ ನಮಗೆ ತುತ್ತು ಕೊಡುತ್ತಿದ್ದರು. ಆ ದೋಣಿಯಲ್ಲಿ ನಿಂತುಕೊಂಡೇ ಬಲೆ ಬೀಸುತ್ತಿದ್ದರು. ನಾನು ಎದ್ದರೆ ಮಾತ್ರ ದೋಣಿ ನಡುಗುತ್ತಿತ್ತು, "ಕೂತ್ಕೋ" ಅನ್ನುತ್ತಿದ್ದರು. ಹೈಸ್ಕೂಲು ಮುಗಿಸಿ ಊರು ಬಿಟ್ಟ ಮೇಲೆ ಹೊಳೆಯ ಜೊತೆ ನನ್ನ ಸಂಬಂಧ ರಜೆಯ ದಿನಗಳದ್ದು ಮಾತ್ರ ಆಯಿತು. ಇನ್ನು ಮುಂದೆ ಹಾಗಾಗಬಾರದು.

ಮೀನು ಮಾರುವುದಕ್ಕಲ್ಲ. ಬೆಳಿಗ್ಗೆ ಎರಡು ಮೂರು ಗಂಟೆ ಗಾಳ ಹಾಕಿ ಕೂರಬೇಕು, ಆಗೊಮ್ಮೆ ಈಗೊಮ್ಮೆ ಬಲೆ ಬೀಸಬೇಕು. ನಾಲ್ಕು ಕಾಣೆ ಮೀನು ಸಿಕ್ಕಿದರೆ ಆ ದಿನದ ಮಧ್ಯಾಹ್ನದ ಊಟಕ್ಕೆ ಸಾಕು. ಹೆಂಡತಿಯನ್ನು ಕೂರಿಸಿಕೊಂಡು ಬಸ್ರೂರಿನ ಕಡೆ ಮೇಲಕ್ಕೆ ಹೋಗಿ ಬರುವ ಆಸೆಯೂ ಇದೆ. ಅವಳಿಗೆ ಈಜು ಬಾರದು. ನನಗೆ ಎಡ ಮಂಡಿ ನೋವು.

ಎರಡು ದೋಣಿ ನೋಡಿದ್ದೇನೆ. ಒಂದು ಹಳೆಯ ಫೈಬರ್ ದೋಣಿ, 18 ಅಡಿ ಉದ್ದ, ಮೂರೂವರೆ ಅಡಿ ಅಗಲ. ಅದರ ಜೊತೆಗೆ 9.9 ಎಚ್‌ಪಿಯ ಸೀಮೆಎಣ್ಣೆ ಎಂಜಿನ್ನನ್ನೂ ಕೊಡುತ್ತಾರಂತೆ. ಇನ್ನೊಂದು ಹೊಸದು, 14 ಅಡಿ ಉದ್ದ, 5 ಅಡಿ ಅಗಲ, ತಳ ಹೆಚ್ಚುಕಮ್ಮಿ ಚಪ್ಪಟೆ. ಮೊದಲನೆಯದು ಉದ್ದ ಇರುವುದರಿಂದ ಅದೇ ಭದ್ರ ಅಂತ ಮಾರುವವರ ಮಾತು. ಬೆಂಗಳೂರಿನಲ್ಲಿರುವ ಮಗ 15 ಎಚ್‌ಪಿಗಿಂತ ಕಡಿಮೆ ಬೇಡ ಅನ್ನುತ್ತಾನೆ. ಬಲ್ಲವರು ದಯವಿಟ್ಟು ತಿಳಿಸಿ.

ಗಂಗೊಳ್ಳಿ ಮೆಕ್ಯಾನಿಕ್

ಮಾಸ್ಟ್ರೆ, ನಮಸ್ಕಾರ. ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂದಿನ ಹಲಗೆಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್, ಬಿಚ್ಚಿ ಕಟ್ಟುವುದೇ ನನ್ನ ಕೆಲಸ, ಇಪ್ಪತ್ತಾರು ವರ್ಷ ಆಯಿತು. ಎಂಜಿನ್ ರಿಪೇರಿಯವನೇ ಹೇಳುತ್ತಿದ್ದೇನೆ, ಮೊದಲು ದೋಣಿ ನೋಡಿ, ಎಂಜಿನ್ ಆಮೇಲೆ.

18 ಅಡಿಯದ್ದು ಬೇಡ. ಅದು ಮೂರು ನಾಲ್ಕು ಜನ ಕೂತು ಕಂತಬಲೆ ಬಿಡುವುದಕ್ಕೆ ಮಾಡಿದ ದೋಣಿ. ಬಲೆ, ಮಂಜುಗಡ್ಡೆ, ಮೀನು ಎಲ್ಲ ತಳದಲ್ಲಿ ಕೂತಾಗ ಅದು ಗಟ್ಟಿ ನಿಲ್ಲುತ್ತದೆ. ಖಾಲಿ ದೋಣಿಯಲ್ಲಿ ಒಬ್ಬರೇ ಎದ್ದು ನಿಂತರೆ ಭಾರವೆಲ್ಲ ಮೇಲೆ ಹೋಗಿ ಅದು ಒಂದೇ ಸಮ ಓಲಾಡುತ್ತದೆ. ಬದಿಗೆ ವಾಲದೆ ನಿಲ್ಲಿಸುವುದು ಅಗಲ. ನೀವು ಗಣಿತದವರು, ನಿಮಗೆ ಬೇಗ ಗೊತ್ತಾಗುತ್ತದೆ: ವಾಲಾಟವನ್ನು ತಡೆಯುವ ಶಕ್ತಿ ಉದ್ದಕ್ಕೆ ತಕ್ಕಷ್ಟೇ ಏರುತ್ತದೆ, ಆದರೆ ಅಗಲದ ಘನಕ್ಕೆ ತಕ್ಕ ಹಾಗೆ ಏರುತ್ತದೆ. ಲೆಕ್ಕ ನೀವೇ ಹಾಕಿ.

14 ಅಡಿಯದ್ದನ್ನು ದಡದಲ್ಲಿ ನೋಡಿ ದುಡ್ಡು ಕೊಡಬೇಡಿ. ನೀರಿಗೆ ಇಳಿಸಲು ಹೇಳಿ. ಇಬ್ಬರು ಒಂದೇ ಬದಿಯಲ್ಲಿ ನಿಲ್ಲಿ. ಆ ಬದಿಯ ಅಂಚು ನೀರಿನಿಂದ ಒಂದು ಗೇಣಾದರೂ ಮೇಲೆ ಉಳಿಯಬೇಕು. ಆಮೇಲೆ ಹತ್ತು ಕೊಡಪಾನ ನೀರು ದೋಣಿಯೊಳಗೆ ಹೊಯ್ದು ಮತ್ತೊಮ್ಮೆ ನಿಲ್ಲಿ. ವಾಲಿದ ಬದಿಗೇ ಆ ನೀರೆಲ್ಲ ಓಡಿ ಬರುವುದನ್ನು ಕಣ್ಣಾರೆ ಕಂಡರೆ, ದೋಣಿಯೊಳಗೆ ನೀರು ನಿಲ್ಲಲು ನೀವು ಯಾವತ್ತೂ ಬಿಡುವುದಿಲ್ಲ. ಸೀಟಿನ ಕೆಳಗೆ ಏನು ತುಂಬಿದ್ದಾರೆ ಅಂತ ಕೇಳಿ. ನೂರು ಲೀಟರಿನಷ್ಟು ಜಾಗ ಫೋಮ್ ತುಂಬಿ ಮುಚ್ಚಿದ್ದರೆ, ದೋಣಿ ಮುಳುಗುವ ಹೊತ್ತಿಗೆ ಅದು ಸುಮಾರು ನೂರು ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ. ಕೆಲವರು ಥರ್ಮೋಕೋಲ್ ತುಂಬುತ್ತಾರೆ. ಅದಕ್ಕೆ ಪೆಟ್ರೋಲ್ ತಾಗಿದರೆ ಕರಗಿ ಅಂಟಾಗುತ್ತದೆ. ಪಾಲಿಯುರೆಥೇನ್ ಫೋಮ್ ಹಾಗಾಗುವುದಿಲ್ಲ.

ಈಗ ಎಂಜಿನ್. 14 ಅಡಿ ದೋಣಿ ನೀರು ಸೀಳಿಕೊಂಡು ಹೋಗುವಾಗ ಗಂಟೆಗೆ 9 ಕಿಲೋಮೀಟರಿನ ಆಸುಪಾಸು ಓಡುತ್ತದೆ. ಅಷ್ಟಕ್ಕೆ 5-6 ಎಚ್‌ಪಿ ಧಾರಾಳ. ಅದಕ್ಕಿಂತ ಸ್ವಲ್ಪ ಹೆಚ್ಚಿನ ಎಂಜಿನ್ ಹಾಕಿದರೆ ಮುಂದಿನ ತುದಿ ಮೇಲೆದ್ದು ಹಿಂದಿನದು ಕೂರುತ್ತದೆ, ಎಣ್ಣೆ ಸುಡುತ್ತದೆ. ನಿಮ್ಮ ಸಂಗತಿಯಲ್ಲಿ ಅದಕ್ಕಿಂತ ದೊಡ್ಡದು ತೂಕ. 6 ಎಚ್‌ಪಿಯ ಫೋರ್ ಸ್ಟ್ರೋಕ್ ಎಂಜಿನ್ 25ರಿಂದ 27 ಕಿಲೋ, ಅಂದರೆ ಒಂದು ಸಣ್ಣ ಅಕ್ಕಿ ಮೂಟೆ. 9.9ರ ಫೋರ್ ಸ್ಟ್ರೋಕ್ 40 ಕಿಲೋದ ಹತ್ತಿರ. ನಲವತ್ತು ಹೆಜ್ಜೆ ಕೆಸರು ಅಂದಿರಿ, ಮಂಡಿ ನೋವು ಅಂದಿರಿ. ದಿನಾ ಎತ್ತಲಾಗದ ಎಂಜಿನ್ ದೋಣಿಯಲ್ಲೇ ಉಳಿಯುತ್ತದೆ. ಉಪ್ಪುನೀರಿನಲ್ಲೇ ಉಳಿದ ಎಂಜಿನ್ ಕೊನೆಗೆ ನನ್ನ ಶೆಡ್ಡಿಗೆ ಬರುತ್ತದೆ. ನನಗೆ ಅದರಿಂದ ಸಂಪಾದನೆ, ಆದರೆ ನಿಮಗೆ ಹಾಗೆ ಆಗಬಾರದು.

ಸೀಮೆಎಣ್ಣೆ ಎಂಜಿನ್ ಮೀನುಗಾರಿಕೆಯನ್ನೇ ನಂಬಿದವರಿಗೆ ಸರಿ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತರಬೇಕು. ಒಂದು ದಿನ ಮರೆತರೆ ಮರುದಿನ ಹಗ್ಗ ಎಳೆದೆಳೆದು ಭುಜ ಹೋಗುತ್ತದೆ.

ಎಂಜಿನ್ ಕೊಳ್ಳುವ ಮೊದಲು ಹಿಂದಿನ ಹಲಗೆಯ ಎತ್ತರ ಅಳೆಯಿರಿ. 15 ಇಂಚು ಇದ್ದರೆ ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ ಎಂಜಿನ್), 20 ಇದ್ದರೆ ಲಾಂಗ್ ಶಾಫ್ಟ್ (ಉದ್ದ ಕಾಲಿನದ್ದು). ನೀರು ತಳ್ಳುವ ಫ್ಯಾನಿನ ಮೇಲೆ ಒಂದು ಚಪ್ಪಟೆ ರೆಕ್ಕೆ ಇರುತ್ತದೆ, ಅದು ದೋಣಿಯ ತಳಕ್ಕೆ ಸಮವಾಗಿ, ಇಲ್ಲವೇ ಒಂದು ಇಂಚು ಕೆಳಗೆ ಬರಬೇಕು. ಮೇಲೆ ಬಂದರೆ ಫ್ಯಾನ್ ಗಾಳಿ ಕುಡಿಯುತ್ತದೆ, ಎಂಜಿನ್ ಕೂಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ.

ಸ್ಟಾರ್ಟ್ ಆದ ಕೂಡಲೇ ಹಿಂದೆ ತಿರುಗಿ ನೋಡಿ. ಎಂಜಿನ್ನಿನ ಬದಿಯಿಂದ ಪೆನ್ಸಿಲ್ ದಪ್ಪದ ನೀರಿನ ಧಾರೆ ಬೀಳುತ್ತಿರಬೇಕು. ಧಾರೆ ಸಣ್ಣಗಾದರೆ, ನಿಂತರೆ, ತಕ್ಷಣ ಬಂದ್ ಮಾಡಿ. ಒಳಗೆ ನೀರು ಎಳೆಯುವ ರಬ್ಬರಿನ ಇಂಪೆಲ್ಲರ್ ಸವೆದಿರುತ್ತದೆ, ಇಲ್ಲವೇ ಕೆಸರು ಕಟ್ಟಿಕೊಂಡಿರುತ್ತದೆ. ನಮ್ಮ ಹೊಳೆಯ ಕೆಸರಿಗೆ ವರ್ಷಕ್ಕೊಂದು ಇಂಪೆಲ್ಲರ್ ಬದಲಿಸುವುದು ಒಳ್ಳೆಯದು. ದಿನಾ ಬಂದು ಒಂದು ಡ್ರಮ್ಮಿನಲ್ಲಿ ಬಾವಿ ನೀರು ತುಂಬಿ, ಅದರಲ್ಲಿ ಎಂಜಿನ್ನಿನ ಕಾಲು ಇಳಿಸಿ ಐದು ನಿಮಿಷ ಓಡಿಸಿ. ಉಪ್ಪು ಹೋಗುತ್ತದೆ.

ಹೊಳೆಬದಿ

ನಾನು ಮುಂಬಯಿಯ ಹೋಟೆಲಿನಲ್ಲಿ ದುಡಿದು ಮೂರು ವರ್ಷದ ಹಿಂದೆ ಊರಿಗೆ ಬಂದವ. ಮೆಕ್ಯಾನಿಕ್ ಬೇಡ ಅಂದ ಆ ಉದ್ದದ ದೋಣಿಯಂಥದ್ದನ್ನೇ ನಾನು ತೆಗೆದುಕೊಂಡೆ. ನನ್ನ ಕಥೆ ನಿಮಗೆ ಉಪಯೋಗಕ್ಕೆ ಬರಲಿ.

ಎರಡನೆಯ ವಾರ. ಹುಣ್ಣಿಮೆ ಕಳೆದು ಎರಡು ದಿನ, ಇಳಿತ ಜೋರು. ಮಧ್ಯಾಹ್ನ ಪಡುಗಾಳಿ ಎದ್ದಿತ್ತು. ನೀರು ಪಶ್ಚಿಮಕ್ಕೆ ಓಡುತ್ತಿದೆ, ಗಾಳಿ ಪಶ್ಚಿಮದಿಂದ ಬರುತ್ತಿದೆ, ಎರಡೂ ಡಿಕ್ಕಿ ಹೊಡೆದ ಜಾಗದಲ್ಲಿ ನೀರು ಕುದಿಯುವ ಹಾಗೆ ಏಳುತ್ತದೆ. ಗಾಳದ ದಾರ ಬಿಡಿಸಲು ಬದಿಗೆ ಬಾಗಿದೆ. ದೋಣಿ ಮಗುಚಲಿಲ್ಲ, ಆದರೆ ನಾನು ನೀರಿನಲ್ಲಿದ್ದೆ. ಎಂಜಿನ್ ನ್ಯೂಟ್ರಲ್‌ನಲ್ಲಿ ಇದ್ದದ್ದು ನನ್ನ ಪುಣ್ಯ. ದೋಣಿಯ ಅಂಚು ಹಿಡಿದುಕೊಂಡೆ, ಮೇಲೆ ಹತ್ತಲು ಆಗಲಿಲ್ಲ. ಮೂರು ಸಲ ಪ್ರಯತ್ನಿಸಿದೆ. ಪ್ರತಿ ಸಲ ದೋಣಿ ನನ್ನ ಮೇಲೆಯೇ ವಾಲಿ ಬರುತ್ತಿತ್ತು. ಅಷ್ಟರಲ್ಲಿ ಕೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಚಿಪ್ಪು ಆರಿಸಲು ಬಂದಿದ್ದ ಇಬ್ಬರು ಹೆಂಗಸರು ಕಂಡು ತಮ್ಮ ದೋಣಿ ತಂದರು, ನನ್ನನ್ನು ಕೆಸರಿನ ದಿಬ್ಬಕ್ಕೆ ಎಳೆದು ಮುಟ್ಟಿಸಿದರು. ಲೈಫ್ ಜಾಕೆಟ್ ದೋಣಿಯಲ್ಲಿತ್ತು, ಪ್ಲಾಸ್ಟಿಕ್ ಕವರಿನೊಳಗೆ.

ಹಾಗಾಗಿ ಮಾಸ್ಟ್ರೆ, ದೋಣಿ ಯಾವುದೇ ಇರಲಿ, ನೀರಿಗೆ ಬಿದ್ದರೆ ಹತ್ತುವುದು ಹೇಗೆ ಅಂತ ಮೊದಲು ನೋಡಿಕೊಳ್ಳಿ. ಮನೆಯ ಎದುರಿಗೆ, ಉಬ್ಬರದಲ್ಲಿ, ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಇಳಿದು ಹತ್ತಿ ನೋಡಿ, ಜೊತೆಗೆ ಒಬ್ಬರು ಇರಲಿ. ಎಂಜಿನ್ನಿನ ಕೆಂಪು ಹಗ್ಗವನ್ನು ಕೈಗೆ ಕಟ್ಟಿಕೊಳ್ಳಿ, ನೀವು ಬಿದ್ದರೆ ಅದು ಕಿತ್ತು ಬಂದು ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಓಡುತ್ತಿರುವ ದೋಣಿ ಸುತ್ತು ಹಾಕಿಕೊಂಡು ನಿಮ್ಮ ಮೇಲೆಯೇ ಬರುತ್ತದೆ.

ಇನ್ನೊಂದು. ದುಡ್ಡು ಕೊಡುವ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ನೋಂದಣಿಯ ವಿಚಾರ ಕೇಳಿಕೊಂಡು ಬನ್ನಿ. 2008ರ ಮುಂಬಯಿ ದಾಳಿಯವರು ಕಡಲಿನಿಂದ ಬಂದ ಮೇಲೆ ಕರಾವಳಿಯಲ್ಲಿ ದೋಣಿಗಳ ತಪಾಸಣೆ ಬಿಗಿಯಾಗಿದೆ. ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡ್‌ನ 1554, ಈ ಎರಡು ನಂಬರನ್ನು ದೋಣಿಯ ಒಳಬದಿಗೆ ಪೇಂಟಿನಲ್ಲಿ ಬರೆಸಿ. ಮೊಬೈಲಿಗೆ ನೀರು ಹೋಗದ ಚೀಲ ಕುತ್ತಿಗೆಯಲ್ಲೇ ಇರಲಿ.

ಶರಾವತಿ ದಡ

ಹೊನ್ನಾವರದಿಂದ ಬರೆಯುತ್ತಿದ್ದೇನೆ. ಮೆಕ್ಯಾನಿಕ್ ಅಣ್ಣ ಹೇಳಿದ್ದಕ್ಕೆ ಪೆಟ್ರೋಲಿನ ಒಂದು ಮಾತು ಸೇರಿಸುತ್ತೇನೆ. ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ 20% ಎಥನಾಲ್ ಬೆರೆಸಿದ್ದು. ಹೆಚ್ಚಿನ ಔಟ್‌ಬೋರ್ಡ್ ಎಂಜಿನ್ನುಗಳ ಕೈಪಿಡಿಯಲ್ಲಿ 10% ತನಕ ಮಾತ್ರ ಒಪ್ಪಿಗೆ ಇರುತ್ತದೆ. ಎಥನಾಲ್ ನಮ್ಮ ಕರಾವಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹೆಚ್ಚು ನೀರು ಸೇರಿದರೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತದೆ. ಎಂಜಿನ್ ಎಳೆಯುವುದು ತಳದಿಂದಲೇ. ಎಥನಾಲ್ ಕಡಿಮೆ ಇರುವ ಪೆಟ್ರೋಲ್ ಸಿಗುತ್ತದಾ ಅಂತ ವಿಚಾರಿಸಿ, ಆ ವಾರಕ್ಕೆ ಬೇಕಾದಷ್ಟೇ ತನ್ನಿ. ಮನೆಗೆ ಬಂದ ಮೇಲೆ ಡ್ರಮ್ಮಿನ ನೀರಿನಲ್ಲಿ ಓಡಿಸುವಾಗಲೇ ಪೆಟ್ರೋಲ್ ಪೈಪ್ ಕಳಚಿ ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಕಾರ್ಬೊರೇಟರ್ ಖಾಲಿಯಾಗುತ್ತದೆ.

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. 8 ಎಚ್‌ಪಿಯ ಹಳೆಯ ಮಾದರಿಯ ಟೂ ಸ್ಟ್ರೋಕ್ ಕೂಡ ಅದೇ 27 ಕಿಲೋದ ಆಸುಪಾಸು. ಹೇಗೆ ಬೇಕಾದರೂ ಮಲಗಿಸಬಹುದು, ಬಿಚ್ಚುವುದು ಸುಲಭ. ಫೋರ್ ಸ್ಟ್ರೋಕನ್ನು ತಪ್ಪು ಬದಿಗೆ ಮಲಗಿಸಿದರೆ ಆಯಿಲ್ ಮೇಲಕ್ಕೆ ಹೋಗುತ್ತದೆ.

ಗಂಗೊಳ್ಳಿ ಮೆಕ್ಯಾನಿಕ್

ಶರಾವತಿಯವರ ಮಾತು ಹೌದು, ಬಿಚ್ಚುವ ನನಗೆ ಟೂ ಸ್ಟ್ರೋಕ್ ಸುಲಭ. ಆದರೆ ಮಾಸ್ಟ್ರು ಗಾಳ ಹಾಕುವವರು, ಅವರ ಮನೆಯವರು ಜೊತೆಗೆ ಕೂರುವವರು. ಹೊಗೆ, ಸದ್ದು, ಪ್ರತಿ ಸಲ ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸುವುದು, ಇದೆಲ್ಲ ಅವರಿಗೆ ಬೇಡ. ಯಾವ ಬದಿಗೆ ಮಲಗಿಸಬೇಕು ಅಂತ ಎಂಜಿನ್ನಿನ ಮೇಲೆ ನಾನೇ ಗುರುತು ಹಾಕಿಕೊಡುತ್ತೇನೆ.

ಮತ್ತೊಂದು, ಯಾರಾದರೂ ಹೇಳಿ ನಿಮ್ಮ ತಲೆ ಕೆಡಿಸುವ ಮೊದಲೇ ಹೇಳಿಬಿಡುತ್ತೇನೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ ಇರುವುದು ಒಳಗೇ ಎಂಜಿನ್ ಇರುವ ದೊಡ್ಡ ಯಾಂತ್ರಿಕ ದೋಣಿಗಳಿಗೆ ಮತ್ತು 10 ಎಚ್‌ಪಿಗಿಂತ ಹೆಚ್ಚಿನ ಎಂಜಿನ್ನಿನ ದೋಣಿಗಳಿಗೆ. ನಿಮ್ಮದು ಅದರೊಳಗೆ ಬರುವುದಿಲ್ಲ ಅಂತ ಮಳೆಗಾಲದಲ್ಲಿ ಹೊಳೆ ಕಡಲಿಗೆ ಸೇರುವ ಅಳಿವೆಯ ಕಡೆ ತಿರುಗಬೇಡಿ. ಅಲೆ ತಡೆಯುವ ಬ್ರೇಕ್‌ವಾಟರ್ ದಂಡೆ ಕಟ್ಟಿದ ಮೇಲೂ ಅಲ್ಲಿ ನೀರು ಹೇಗೆ ಒಡೆಯುತ್ತದೆ ಅಂತ ಕೋಡಿಯ ದಡದಲ್ಲಿ ನಿಂತು ಒಮ್ಮೆ ನೋಡಿ ಬನ್ನಿ. ನಿಮಗೆ ಮೇ ಕೊನೆಗೆ ಬಿಡುಗಡೆ, ಆಗಸ್ಟ್ ಕಳೆದು ನೀರು ತಿಳಿಯಾಗುವ ತನಕ ದೋಣಿ ಮಾಡಿನ ಕೆಳಗಿರಲಿ.

ಕುದ್ರುಮನೆ

ಇಪ್ಪತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಪರೀಕ್ಷೆಯ ಪೇಪರ್ ತಿದ್ದುವುದಿತ್ತು.

ಮೊದಲು ಲೆಕ್ಕ. ಎರಡೂ ದೋಣಿ ಆಯತಾಕಾರ ಅಂತ ಇಟ್ಟುಕೊಂಡೆ. ಮೂರೂವರೆಯ ಘನ 42.9, ಅದನ್ನು 18ರಿಂದ ಗುಣಿಸಿದರೆ 772. ಐದರ ಘನ 125, 14ರಿಂದ ಗುಣಿಸಿದರೆ 1750. ನಾಲ್ಕು ಅಡಿ ಗಿಡ್ಡ ಇರುವ ದೋಣಿ ಎರಡೂಕಾಲು ಪಟ್ಟು ಗಟ್ಟಿ! ಅಪ್ಪ ಆ ಕಿರಿದಾದ ಪಾತಿಯಲ್ಲಿ ನಿಂತು ಬಲೆ ಬೀಸುತ್ತಿದ್ದದ್ದು ಎಂಥ ಕಾಲಿನ ಬಲದಲ್ಲಿ ಅಂತ ಈ ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು. ಆ ಹಾಳೆಯನ್ನು ಎತ್ತಿಟ್ಟುಕೊಂಡಿದ್ದೇನೆ.

ಕಳೆದ ಭಾನುವಾರ 14 ಅಡಿಯದ್ದನ್ನು ನೀರಿಗೆ ಇಳಿಸಿದೆವು. ನಾನು, ತಂಗಿಯ ಮಗ ಒಂದೇ ಬದಿಗೆ ನಿಂತೆವು, ಗೇಣಿಗಿಂತ ಎರಡು ಬೆರಳು ಹೆಚ್ಚೇ ಉಳಿಯಿತು. ನೀರು ಹೊಯ್ದ ಮೇಲೆ ಒಂದು ಗೇಣಿಗೆ ಇಳಿಯಿತು. ಮಾಡಿದವರು ಸೀಟಿನ ಒಂದು ಮುಚ್ಚಳ ತೆಗೆದು ಫೋಮ್ ತೋರಿಸಿದರು, ಚೂರು ಕಿತ್ತು ಪೆಟ್ರೋಲಿನಲ್ಲಿ ಅದ್ದಿದೆ, ಕರಗಲಿಲ್ಲ.

ಆಮೇಲೆ ಹೊಳೆಬದಿಯವರು ಹೇಳಿದ ಹಾಗೆ ಜಾಕೆಟ್ ಹಾಕಿಕೊಂಡು ನೀರಿಗೆ ಇಳಿದೆ. ಹತ್ತಲು ಆಗಲಿಲ್ಲ. ಎಡ ಮಂಡಿ ಮಡಚುವುದಿಲ್ಲ, ಕೈ ಒಂದರಲ್ಲೇ ಮೈ ಎತ್ತಲಾಗದು. ದಡದಲ್ಲಿ ನಿಂತಿದ್ದ ಹೆಂಡತಿ ಮಾತಾಡಲಿಲ್ಲ, ಸೆರಗಿನ ತುದಿ ಹಿಡಿದುಕೊಂಡು ನೋಡುತ್ತಿದ್ದಳು. ಅಳಿಯ ಹಿಂದಿನ ಹಲಗೆಯ ಕೊಂಡಿಗೆ ಹಗ್ಗದ ಎರಡು ಕುಣಿಕೆ ಕಟ್ಟಿ, ಒಂದನ್ನು ಮೊಣಕಾಲಿನ ಮಟ್ಟಕ್ಕೆ, ಇನ್ನೊಂದನ್ನು ಅದಕ್ಕಿಂತ ಒಂದು ಅಡಿ ಮೇಲೆ ಇಳಿಬಿಟ್ಟ. ಬಲಗಾಲನ್ನು ಕುಣಿಕೆಗೆ ಇಟ್ಟು ಎದ್ದೆ, ಹೊಟ್ಟೆಯ ಮೇಲೆ ಜಾರಿ ಒಳಗೆ ಬಿದ್ದೆ. ಎರಡನೆಯ ಸಲ ಇನ್ನೂ ಸಲೀಸಾಯಿತು. ಮೂರನೆಯ ಸಲ ಹತ್ತಿದ ಮೇಲೆ ಅವಳೇ ಕೆಸರಿಗೆ ಇಳಿದು ಬಂದು ದೋಣಿಯಲ್ಲಿ ಕೂತಳು.

ದೋಣಿಗೆ ಮುಂಗಡ ಕೊಟ್ಟಾಯಿತು. ಮಗನಿಗೆ 25 ಕಿಲೋ ಅಕ್ಕಿ ಮೂಟೆ ಹೊತ್ತು ಕೆಸರು ದಾಟಿಸಿ ತೋರಿಸಿದೆ, ಅವನೂ 6 ಎಚ್‌ಪಿ ಸಾಕು ಅಂದ. ಹಿಂದಿನ ಹಲಗೆ ಅಳೆದರೆ 16 ಇಂಚು ಬರುತ್ತದೆ. ಶಾರ್ಟ್ ಶಾಫ್ಟ್ ಆಗುತ್ತದಾ, ಹಲಗೆ ಒಂದು ಇಂಚು ಕೊರೆಸಬೇಕಾ?

ಗಂಗೊಳ್ಳಿ ಮೆಕ್ಯಾನಿಕ್

ಶಾರ್ಟ್ ಶಾಫ್ಟೇ ತನ್ನಿ. ಎಂಜಿನ್ ಬರುವ ತನಕ ಹಲಗೆಗೆ ಗರಗಸ ಹಾಕಬೇಡಿ. ಮೊದಲು ಕೂರಿಸಿ ಅಳೆಯೋಣ, ತೆಗೆಯಬೇಕಾದರೂ ಅರ್ಧ ಇಂಚು ಸಾಕಾಗಬಹುದು, ಕೊರೆದ ಜಾಗಕ್ಕೆ ಫೈಬರ್ ಬಳಿದು ಮುಚ್ಚದಿದ್ದರೆ ಒಳಗಿನ ಪ್ಲೈವುಡ್ ನೀರು ಕುಡಿದು ಕೊಳೆಯುತ್ತದೆ. ಎಂಜಿನ್ ತಂದ ದಿನ ಒಂದು ಮಾತು ಹೇಳಿ, ಬೆಳಗಿನ ಉಬ್ಬರ ನೋಡಿಕೊಂಡು ನಾನೇ ದೋಣಿಯಲ್ಲಿ ಬರುತ್ತೇನೆ.