ಬರೆಯುವವರು ಯಾರು, ಬರೆಸುವವರು ಯಾರು? ‘ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್’ಗೆ ಕನ್ನಡ ಪದ ಬೇಕಾಗಿದೆ

ಗೆಳೆಯರೇ, ನಮಸ್ಕಾರ.

ಕೇಳಬೇಕಿರುವುದು ಒಂದೆರಡು ಪದ. ಅದಕ್ಕೆ ಮೊದಲು ಈ ಪ್ರಶ್ನೆ ಎಲ್ಲಿ ಹುಟ್ಟಿತು ಅಂತ ಹೇಳಿಬಿಡುತ್ತೇನೆ.

ಹೋದ ತಿಂಗಳು ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಜೀನುಗಳ ಬಗ್ಗೆ ಮಾತಾಡಲು ಕರೆದಿದ್ದರು. ಹತ್ತನೇ ಕ್ಲಾಸಿನ ಮಕ್ಕಳು. ನಮ್ಮ ಕಣ್ಣಿನ ಜೀವಕೋಶದಲ್ಲೂ ಲಿವರಿನ ಜೀವಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಹಾಗಿದ್ದರೆ ಇದು ಕಣ್ಣು, ಅದು ಲಿವರ್ ಹೇಗಾಯಿತು? ಇಷ್ಟು ಕೇಳಿ, ಉತ್ತರ ಶುರುಮಾಡಲು ಬೋರ್ಡಿನ ಮೇಲೆ, ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅನ್ನುವುದಕ್ಕೆ, ‘ಪ್ರತಿಲೇಖನ ಅಂಶಗಳು’ ಅಂತ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಮೇಡಂ, ಅಂಶ ಇದಾದ್ರೆ ಛೇದ ಯಾವ್ದು?”

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಬಸ್ಸಿನಲ್ಲಿ ವಾಪಸ್ ಬರುವಾಗ ಮಾತ್ರ ಹುಡುಗ ಸರಿಯಾಗಿಯೇ ಕೇಳಿದ್ದಾನೆ ಅನ್ನಿಸಿತು.

‘ಅಂಶ’ ನಾವು ಎಲ್ಲೆಲ್ಲಿ ಬಳಸುತ್ತೇವೆ ನೋಡಿ. ಭಾಷಣದ ಮುಖ್ಯಾಂಶ. ಬೆಲೆ ಏರಿಕೆಗೆ ಕಾರಣವಾದ ಅಂಶಗಳು. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ. ಭಿನ್ನರಾಶಿಯ ಮೇಲಿನ ಅಂಕಿ. ಇವು ಯಾವುವೂ ಎದ್ದು ಓಡಾಡಿ ಕೆಲಸ ಮಾಡುವಂಥವಲ್ಲ. ನಾನು ಹೇಳಹೊರಟದ್ದು ಒಂದು ಪ್ರೋಟೀನಿನ ಬಗ್ಗೆ. ಅದಕ್ಕೊಂದು ಆಕಾರವಿದೆ, ಡಿಎನ್‌ಎಯನ್ನು ಹಿಡಿಯುವ ಕೈ ಇದೆ. ‘ಕಾರಕ’ ಅಂದರೆ ಸ್ವಲ್ಪ ವಾಸಿ, ‘ರೋಗಕಾರಕ’ ಎಲ್ಲರಿಗೂ ಗೊತ್ತು. ಆದರೆ ಅದು ರೋಗದ ಜೊತೆಗೇ ಅಂಟಿಕೊಂಡಿದೆ. ವ್ಯಾಕರಣ ಓದಿದವರಿಗೆ ಅದು ಬೇರೆಯೇ ನೆನಪು ತರುತ್ತದೆ.

ಪದ ಹುಡುಕುವ ಮೊದಲು ಅಲ್ಲಿ ನಡೆಯುವುದೇನು ಅಂತ ನನ್ನ ಮಾತಿನಲ್ಲಿ ಹೇಳುತ್ತೇನೆ. ಈ ವಿಷಯ ಬಲ್ಲವರು ತಪ್ಪಿದ್ದರೆ ತಿದ್ದಿ.

ಜೀನಿನಲ್ಲಿರುವುದನ್ನು ಆರ್‌ಎನ್‌ಎ ಅನ್ನುವ ಪ್ರತಿಯಾಗಿ ಬರೆದುಕೊಳ್ಳುವುದೇ ಟ್ರಾನ್ಸ್‌ಕ್ರಿಪ್ಷನ್. ಹಾಗೆ ಬರೆದುಕೊಳ್ಳುವ ಕಿಣ್ವ ಪಾಲಿಮರೇಸ್. ನಮ್ಮಂಥ ಜೀವಿಗಳಲ್ಲಿ ಅದು ಮೂರು ಬಗೆ ಅಂತ ತೋರಿಸಿಕೊಟ್ಟವರು ರಾಬರ್ಟ್ ರೋಡರ್ ಮತ್ತು ವಿಲಿಯಂ ರಟ್ಟರ್, 1969ರಲ್ಲಿ. ಪ್ರೋಟೀನು ಮಾಡುವ ಜೀನುಗಳೆಲ್ಲ ಎರಡನೆಯದರ ಪಾಲು. ಈ ಪಾಲಿಮರೇಸ್ 2 ಬರೆಯುವುದರಲ್ಲಿ ಗಟ್ಟಿಗ, ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಐದಾರು ಸಹಾಯಕರು ಬೇಕು. ಅವರ ಹೆಸರೋ, ಟಿಎಫ್ 2 ಎ, 2 ಬಿ, 2 ಡಿ, 2 ಇ, 2 ಎಫ್, 2 ಎಚ್. ಬಸ್ ನಂಬರಿನ ಹಾಗಿದೆ. 2 ಡಿಯೊಳಗೆ ಟಿಬಿಪಿ ಅಂತ ಒಂದು ತುಣುಕು. ಅದು ಕುದುರೆಯ ಜೀನಿನ ಹಾಗೆ ಡಿಎನ್‌ಎ ಮೇಲೆ ಕೂತು ಅದನ್ನು ಸುಮಾರು 80 ಡಿಗ್ರಿ ಬಗ್ಗಿಸುತ್ತದೆ. (ಇಲ್ಲೂ ನೋಡಿ, ಆ ಜೀನು ಬೇರೆ, ಈ ಜೀನು ಬೇರೆ!) ಅದು ಕೂರುವ ಜಾಗದ ಅಕ್ಷರಗಳು ಟಿ-ಎ-ಟಿ-ಎ. ಅದಕ್ಕೇ ಟಾಟಾ ಬಾಕ್ಸ್ ಅಂತ ಹೆಸರು, ಲಾರಿಗೂ ಇದಕ್ಕೂ ಸಂಬಂಧವಿಲ್ಲ. ಎಲ್ಲ ಜೀನುಗಳಿಗೂ ಟಾಟಾ ಇರುವುದಿಲ್ಲ ಅನ್ನುವುದು ಬೇರೆ ಮಾತು. ಆಮೇಲೆ ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ಕೊನೆಗೆ 2 ಎಚ್ ಬಂದು ಡಿಎನ್‌ಎಯ ಎರಡು ಎಳೆ ಬಿಡಿಸುತ್ತದೆ. ಪಾಲಿಮರೇಸಿಗೆ ಒಂದು ಬಾಲವಿದೆ. ಏಳು ಅಮೈನೋ ಆಮ್ಲಗಳ ತುಣುಕೊಂದು ಮನುಷ್ಯರಲ್ಲಿ 52 ಸಲ ಮರುಕಳಿಸಿ ಆದ ಬಾಲ ಅದು. ಅದಕ್ಕೆ 2 ಎಚ್ ಫಾಸ್ಫೇಟ್ ಅಂಟಿಸುತ್ತದೆ. ಕಂಡಕ್ಟರು “ರೈಟ್ ರೈಟ್” ಅಂದಂತೆ. ಗಾಡಿ ಹೊರಡುತ್ತದೆ.

ಈ ಗುಂಪಿಗೆ ಇಂಗ್ಲಿಷಿನಲ್ಲಿ ‘ಬೇಸಲ್ ಮಷಿನರಿ’ ಅನ್ನುತ್ತಾರೆ. ನನ್ನ ತಲೆ ಜಾಸ್ತಿ ತಿಂದದ್ದು ಇದೇ. ಬುನಾದಿ ಯಂತ್ರ, ಮೂಲ ಯಂತ್ರಾಂಗ, ತಳಹದಿ ವ್ಯವಸ್ಥೆ ಅಂತೆಲ್ಲ ಬರೆದು ಹೊಡೆದುಹಾಕಿದೆ. ಬುನಾದಿ ಅಂದರೆ ಮೇಲಿನ ಭಾರ ಹೊತ್ತು ಸುಮ್ನೆ ಕೂತಿರುವಂಥದ್ದು. ಇಲ್ಲಿನ ‘ಬೇಸಲ್’ ಅದಲ್ಲ. ಪ್ರನಾಳದಲ್ಲಿ ಬರಿಯ ಡಿಎನ್‌ಎ, ಪಾಲಿಮರೇಸ್, ಈ ಸಹಾಯಕರು, ಆರ್‌ಎನ್‌ಎ ಕಟ್ಟಲು ಬೇಕಾದ ಸಾಮಾನು, ಇಷ್ಟು ಹಾಕಿದರೆ ಒಂದಿಷ್ಟು ಆರ್‌ಎನ್‌ಎ ಹುಟ್ಟುತ್ತದೆ. ತೀರಾ ಕಡಿಮೆ, ಆದರೂ ಹುಟ್ಟುತ್ತದೆ. ಆ ಕಡಿಮೆ ಮಟ್ಟವೇ ಬೇಸಲ್. ಅಂದರೆ ಅದು ಜಾಗದ ಮಾತಲ್ಲ, ಪ್ರಮಾಣದ ಮಾತು. ಅಡುಗೆಮನೆಯಲ್ಲಿ ಒಲೆ ‘ಸಿಮ್’ನಲ್ಲಿಡು ಅನ್ನುತ್ತೇವಲ್ಲ, ಹಾಗೆ. ‘ಸಣ್ಣ ಉರಿ’ ಅನ್ನುವುದು ಅರ್ಥಕ್ಕೆ ಹತ್ತಿರ, ವಿಜ್ಞಾನದ ಪದವಾಗಿ ಒಗ್ಗುತ್ತದೋ ಇಲ್ಲವೋ. ಜೀವಕೋಶದೊಳಗೆ ಡಿಎನ್‌ಎ ಹೀಗೆ ಬರಿಮೈಯಲ್ಲಿ ಇರುವುದಿಲ್ಲ. ಹಿಸ್ಟೋನ್ ಅನ್ನುವ ಉರುಟೆಗಳಿಗೆ, ಒಂದೊಂದಕ್ಕೆ 147 ಜೋಡಿ ಅಕ್ಷರದಷ್ಟು, ಸುತ್ತಿಕೊಂಡಿರುತ್ತದೆ. ಅಲ್ಲಿ ಈ ಸಣ್ಣ ಉರಿಯೂ ಎಷ್ಟೋ ಸಲ ಹತ್ತುವುದಿಲ್ಲ.

ಉರಿ ಏರಿಸಲು ಬರುವವರೇ ನಮ್ಮ ಕಥಾನಾಯಕರು, ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಮನುಷ್ಯರಲ್ಲಿ ಸುಮಾರು 1600 ಬಗೆ ಇವೆ. ಇಂಗ್ಲಿಷಿನದೊಂದು ಎಡವಟ್ಟು ಗಮನಿಸಿ. 2 ಎ, 2 ಬಿ ಮುಂತಾದ ಸಹಾಯಕರನ್ನೂ ಅವರು ‘ಜನರಲ್’ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅಂತಲೇ ಕರೆಯುತ್ತಾರೆ. ಒಂದೇ ಮನೆತನದ ಹೆಸರು, ಎರಡು ಬೇರೆ ಕಸುಬು. ನಾವು ಅದನ್ನು ಹಾಗೇ ‘ಸಾಮಾನ್ಯ ಪ್ರತಿಲೇಖನ ಅಂಶ’, ‘ನಿರ್ದಿಷ್ಟ ಪ್ರತಿಲೇಖನ ಅಂಶ’ ಅಂತ ಇಳಿಸಿಕೊಂಡರೆ ಅವರ ಗೊಂದಲವನ್ನೂ ಸೇರಿಸಿ ಇಳಿಸಿಕೊಂಡ ಹಾಗಾಯಿತು.

ಈ ಎರಡನೇ ಗುಂಪಿನವರ ಕೆಲಸ ಅರ್ಥವಾಗಲು ಯೀಸ್ಟಿನ ಗ್ಯಾಲ್ 4 ಸಾಕು. ಯೀಸ್ಟಿಗೆ ಗ್ಯಾಲಕ್ಟೋಸ್ ಸಕ್ಕರೆ ಸಿಕ್ಕಾಗ ಅದನ್ನು ಕರಗಿಸಿಕೊಳ್ಳುವ ಜೀನುಗಳನ್ನು ಇದು ಎಬ್ಬಿಸುತ್ತದೆ. ಒಂದೊಂದು ಸಲ ಸಾವಿರ ಪಟ್ಟು ಏರಿಕೆ. ಅದರ ಒಂದು ತುದಿ ಡಿಎನ್‌ಎ ಹಿಡಿಯುತ್ತದೆ. ಇನ್ನೊಂದು ತುದಿ ಏನು ಮಾಡುತ್ತದೆ? 1985ರಲ್ಲಿ ರೋಜರ್ ಬ್ರೆಂಟ್ ಮತ್ತು ಮಾರ್ಕ್ ಟಾಷ್ನಿ ಡಿಎನ್‌ಎ ಹಿಡಿಯುವ ತುದಿಯನ್ನು ಕತ್ತರಿಸಿ, ಅಲ್ಲಿಗೆ ಬ್ಯಾಕ್ಟೀರಿಯಾದ ಲೆಕ್ಸ್‌ಎ ಅನ್ನುವ ಪ್ರೋಟೀನಿನ ಹಿಡಿಕೆ ಜೋಡಿಸಿದರು. ಜೀನಿನ ಪಕ್ಕದಲ್ಲಿ ಲೆಕ್ಸ್‌ಎ ಕೂರುವ ಜಾಗವನ್ನೂ ಇಟ್ಟರು. ಜೀನು ಎದ್ದಿತು! ಹಿಡಿಯುವ ಕೈ ಯಾರದ್ದಾದರೂ ಪರವಾಗಿಲ್ಲ, ಇನ್ನೊಂದು ಕೈ ಅಲ್ಲಿಗೆ ಬಂದರೆ ಸಾಕು. ಆ ಇನ್ನೊಂದು ಕೈಯ ಮುಖ್ಯ ಕೆಲಸ ಕರೆಯುವುದು. ಹಿಸ್ಟೋನ್ ಸರಿಸುವವರನ್ನು, ಮೀಡಿಯೇಟರ್ ಅನ್ನುವ ದೊಡ್ಡ ಪ್ರೋಟೀನು ಗುಂಪನ್ನು, ಅದರ ಮೂಲಕ ಪಾಲಿಮರೇಸನ್ನು ಕರೆತರುವುದು. ಗ್ಯಾಲಕ್ಟೋಸ್ ಇಲ್ಲದಾಗ ಗ್ಯಾಲ್ 80 ಅನ್ನುವ ಇನ್ನೊಂದು ಪ್ರೋಟೀನು ಬಂದು ಇದೇ ಕೈಯನ್ನು ಮುಚ್ಚಿ ಹಿಡಿದಿರುತ್ತದೆ.

ಅಂದರೆ ಗ್ಯಾಲ್ 4 ಒಂದಕ್ಷರವನ್ನೂ ಬರೆಯುವುದಿಲ್ಲ. ಬರೆಸುತ್ತದೆ.

ಈ ವಾಕ್ಯ ಬಾಯಿಗೆ ಬಂದಾಗಲೇ ನನಗೆ ಹೊಳೆದದ್ದು. ಇಂಗ್ಲಿಷಿನವರಿಗೆ ಎರಡು ಮೂರು ಪದ ಬೇಕಾದ ಕಡೆ ನಮಗೆ ಒಂದು ‘-ಇಸು’ ಇದೆಯಲ್ಲ! ಮಾಡು, ಮಾಡಿಸು. ಕಟ್ಟು, ಕಟ್ಟಿಸು. ಅಂಗಡಿಗೆ ಹೋಗುವವರಿಗೆ ನಾವು “ಜೆರಾಕ್ಸ್ ಮಾಡಿಸ್ಕೊಂಡು ಬಾ” ಅನ್ನುತ್ತೇವೆ, “ಮಾಡ್ಕೊಂಡು ಬಾ” ಅನ್ನುವುದು ಕಡಿಮೆ. ಕೆರೆ ಕಟ್ಟಿಸಿದ ದೊರೆ ಮಣ್ಣು ಹೊರಲಿಲ್ಲ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿದಳು ಅಂತ ಮಕ್ಕಳು ಪಾಠದಲ್ಲಿ ಓದಿರುತ್ತಾರೆ. ಓಲೆಗರಿ ಹಿಡಿದು ಕೂತ ಲಿಪಿಕಾರರು ಬರೆಯುವವರು, ಅತ್ತಿಮಬ್ಬೆ ಬರೆಸಿದವಳು. ಆಕೆ ಇಲ್ಲದಿದ್ದರೂ ಅಲ್ಲೊಂದು ಇಲ್ಲೊಂದು ಪ್ರತಿ ಆಗುತ್ತಿತ್ತು. ಅದು ಬೇಸಲ್. ಸಾವಿರ ಆದದ್ದು ಆಕೆಯಿಂದ.

ಹಾಗಾಗಿ ನನ್ನ ಸಲಹೆ ಹೀಗಿದೆ. ಬೇಸಲ್ ಮಷಿನರಿಗೆ ‘ಬರೆಯುವ ತಂಡ’. ‘ಆಡಳಿತ ಯಂತ್ರ’ದ ಹಾಗೆ ‘ಯಂತ್ರ’ ಅನ್ನಬಹುದಿತ್ತು, ಆದರೆ ಯಂತ್ರ ಜೋಡಿಸಿಟ್ಟಿರುತ್ತದೆ. ಇವರು ಪ್ರತಿ ಸಲವೂ ಬಂದು ಕೂಡಬೇಕು, ಆಮೇಲೆ ಚದುರಬೇಕು. ಅದಕ್ಕೇ ತಂಡ. ಗ್ಯಾಲ್ 4 ತರದವರಿಗೆ ‘ಬರೆಸುವ ಪ್ರೋಟೀನು’. ಟ್ರಾನ್ಸ್‌ಕ್ರಿಪ್ಷನ್‌ಗೆ ‘ಬರೆದುಕೊಳ್ಳುವಿಕೆ’. ‘ನಕಲು’ ಇನ್ನೂ ಸುಲಭವಿತ್ತು, ಆದರೆ ಡಿಎನ್‌ಎ ಪೂರ್ತಿ ಇಮ್ಮಡಿಯಾಗುವುದಕ್ಕೂ ಅದೇ ಪದ ಬಂದು ಕೂರುತ್ತದೆ. ಮೇಲಾಗಿ ಮಕ್ಕಳಿಗೆ ನಕಲು ಅಂದರೆ ಪರೀಕ್ಷೆಯ ಚೀಟಿಯೇ ನೆನಪಾಗುವುದು.

ಈಗ ತೊಡಕು. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳೆಲ್ಲ ಬರೆಸುವವರಲ್ಲ. ಬರೆಯದಂತೆ ತಡೆಯುವವರೂ ಇದ್ದಾರೆ. ಒಂದು ಜೀನಿಗೆ ಬರೆಸುವ ಪ್ರೋಟೀನು ಇನ್ನೊಂದು ಜೀನಿಗೆ ತಡೆಯುವುದೂ ಉಂಟು. ಎರಡೂ ಬಗೆಯನ್ನು ಒಟ್ಟಿಗೆ ಕರೆಯಲು ಪದವೇನು? ‘ಬರಹ ನಿಯಂತ್ರಕ’ ಅಂದರೆ ಪತ್ರಿಕೆಯ ಸೆನ್ಸಾರ್ ಅಧಿಕಾರಿಯ ಹಾಗೆ ಕೇಳಿಸುತ್ತದೆ. ನನ್ನ ಅಣ್ಣ ಚಿಕ್ಕಮಗಳೂರಿನ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಅವನು ಕೇಳಿಸಿಕೊಂಡು, “ಆಳು ಕರ್ಕೊಂಡ್ ಬರೋನು, ಬೇಡ ಅಂದ್ರೆ ನಿಲ್ಸೋನು, ತಾನು ಮಾತ್ರ ಒಂದ್ ಹಣ್ಣೂ ಕೀಳಲ್ಲ. ಮೇಸ್ತ್ರಿ ಅಲ್ವೇನೆ ಅದು?” ಅಂದ. ‘ಮೇಸ್ತ್ರಿ ಪ್ರೋಟೀನು’! ತಮಾಷೆಗೆ ಹೇಳಿದ್ದು, ಆದರೆ ಅಂದಿನಿಂದ ನನ್ನ ತಲೆಯಿಂದ ಹೋಗಿಲ್ಲ.

ಮೀಡಿಯೇಟರ್ ಇನ್ನೊಂದು ಸಮಸ್ಯೆ. ಯೀಸ್ಟಿನಲ್ಲಿ ಇದು 25 ಪ್ರೋಟೀನುಗಳ ಕೂಟ. ಇದನ್ನು ಕಂಡುಹಿಡಿದವರಲ್ಲಿ ಮುಖ್ಯರಾದ ರೋಜರ್ ಕಾರ್ನ್‌ಬರ್ಗ್ ಅವರಿಗೆ 2006ರ ರಸಾಯನಶಾಸ್ತ್ರದ ನೊಬೆಲ್ ಬಂತು, ಪಾಲಿಮರೇಸ್ ಬರೆಯುವ ಬಗೆಯನ್ನು ಅಣು ಅಣುವಾಗಿ ಚಿತ್ರಿಸಿದ್ದಕ್ಕೆ. ‘ಮಧ್ಯವರ್ತಿ’ ಅನ್ನೋಣವೆಂದರೆ ಮಾರುಕಟ್ಟೆಯಲ್ಲಿ ರೈತನ ದುಡ್ಡು ತಿನ್ನುವವನ ಮುಖ ಕಣ್ಣಮುಂದೆ ಬರುತ್ತದೆ. ‘ಮಧ್ಯಸ್ಥ’ ಅಂದರೆ ಜಗಳ ಬಿಡಿಸುವವನು, ಇಲ್ಲಿ ಜಗಳವೇ ಇಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುವವರಿಗೆ ಹಳ್ಳಿಯ ಕಡೆ ಯಾವುದಾದರೂ ಒಳ್ಳೆಯ ಪದ ಇದೆಯೇ?

ಎನ್‌ಹ್ಯಾನ್ಸರ್‌ಗೆ, ಅಂದರೆ ಬರೆಸುವ ಪ್ರೋಟೀನು ಬಂದು ಹಿಡಿಯುವ ಡಿಎನ್‌ಎ ತುಣುಕಿಗೆ, ಮಾತ್ರ ‘ವರ್ಧಕ’ ಸಲೀಸು. ‘ಧ್ವನಿವರ್ಧಕ’ ಗೊತ್ತಿದ್ದವರಿಗೆ ಅರ್ಥವಾಗುತ್ತದೆ, ದೂರದಿಂದ ಸದ್ದು ಏರಿಸುವುದು. ಹಾಲು ಅರಗಿಸುವ ಲ್ಯಾಕ್ಟೇಸ್ ಜೀನು ಇದೆಯಲ್ಲ, ಅದರ ವರ್ಧಕ ಸುಮಾರು 14 ಸಾವಿರ ಅಕ್ಷರ ದೂರದಲ್ಲಿ, ಪಕ್ಕದ ಇನ್ನೊಂದು ಜೀನಿನ ಹೊಟ್ಟೆಯೊಳಗೆ ಕೂತಿದೆ. ಅಲ್ಲಿ ಸಿ ಇದ್ದ ಜಾಗದಲ್ಲಿ ಟಿ ಬಂದರೆ ಆಕ್ಟ್ 1 ಅನ್ನುವ ಬರೆಸುವ ಪ್ರೋಟೀನು ಗಟ್ಟಿಯಾಗಿ ಹಿಡಿಯುತ್ತದೆ, ದೊಡ್ಡವರಾದ ಮೇಲೂ ಹಾಲು ಅರಗುತ್ತದೆ. 2002ರಲ್ಲಿ ಫಿನ್ಲೆಂಡಿನವರಲ್ಲಿ ಕಂಡ ಇದೇ ಬದಲಾವಣೆ ಭಾರತದಲ್ಲೂ ಇದೆ. ‘ಪ್ರಮೋಟರ್’ಗೆ ‘ಪ್ರವರ್ತಕ’ ಅಂದರೆ ಕಂಪನಿ ಷೇರಿನ ಸುದ್ದಿ ಆಗಿಬಿಡುತ್ತದೆ. ನಾನು ಸುಮ್ನೆ ‘ಶುರುವಿನ ಜಾಗ’ ಅಂದುಬಿಡುತ್ತೇನೆ.

ಇನ್ನು ಕೊನೆಯದು ಕ್ರಿಯಾಪದ. ‘ಸಕ್ರಿಯಗೊಳಿಸು’ ಈಗ ಮೊಬೈಲ್ ಸಿಮ್‌ನವರ ಪದ. ಒತ್ತಿದರೆ ಆನ್, ಬಿಟ್ಟರೆ ಆಫ್ ಅನ್ನುವ ಚಿತ್ರ ಕೊಡುತ್ತದೆ. ‘ಎಬ್ಬಿಸು’ ನನಗೆ ಇಷ್ಟ. ಅದೂ ‘ಏಳು’ವಿನ ‘-ಇಸು’ ರೂಪವೇ. ಅರೆನಿದ್ದೆಯಿಂದಲೂ ಎಬ್ಬಿಸಬಹುದು, ಪೂರ್ತಿ ಎಚ್ಚರವಾಗಲು ಹೊತ್ತು ಹಿಡಿಯುತ್ತದೆ. ಆದರೆ ಮಗುವನ್ನೋ ಮುದುಕರನ್ನೋ ಎಬ್ಬಿಸಿದ ಹಾಗೆ ಜೀನನ್ನು ಎಬ್ಬಿಸುವುದು ನಿಮ್ಮ ಕಿವಿಗೆ ಒಗ್ಗುತ್ತದೆಯೇ? ಇಲ್ಲವಾದರೆ ಬೇರೆ ಯಾವುದು?

ಆ ಶಾಲೆಯವರು ಮುಂದಿನ ತಿಂಗಳು ಮತ್ತೆ ಬರಹೇಳಿದ್ದಾರೆ. ಅಷ್ಟರಲ್ಲಿ ನಾಲ್ಕು ಪದ ಬೇಕು: ಬರೆಸುವವರನ್ನೂ ತಡೆಯುವವರನ್ನೂ ಒಟ್ಟಿಗೆ ಕರೆಯಲು ಒಂದು, ಬೇಸಲ್‌ಗೆ ಒಂದು, ಮೀಡಿಯೇಟರ್‌ಗೆ ಒಂದು, ಈ ಕ್ರಿಯಾಪದ ಒಂದು. ‘ಮೇಸ್ತ್ರಿ’ ಬೇಡ ಅನ್ನುವವರು ದಯವಿಟ್ಟು ಬದಲಿ ಪದದ ಜೊತೆಗೇ ಬೇಡ ಅನ್ನಿ.