ಪದಚರ್ಚೆ: ಪಿಸ್ತೂಲಿನ ‘ಸ್ಥಿರ ಹಿಡಿತ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯಲ್ಲಿ ಬಂದೂಕು ಪರವಾನಗಿ ಕೇಳುವವರ ತರಬೇತಿಗೆಂದು ಸಿದ್ಧವಾಗುತ್ತಿರುವ ಒಂದು ಕೈಪಿಡಿಯ ಕನ್ನಡವನ್ನು ತಿದ್ದುತ್ತಿದ್ದೇನೆ. 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಕೇಳುತ್ತವೆ. ಕಲಿಸುವ ಮಾತು ಮಾತ್ರ ಇನ್ನೂ ಕನ್ನಡವಾಗಿಲ್ಲ. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಊರು ಇದು. ನಮ್ಮ ತರಬೇತುದಾರರೂ ನಿವೃತ್ತ ಸೈನಿಕರೇ. ಅವರ ಬಾಯಲ್ಲಿ ಸೇನೆಯ ಹಿಂದಿ: ‘ಮಜಬೂತ್ ಪಕಡ್, ದುರುಸ್ತ್ ಶಿಸ್ತ್’. ಪಕಡ್ ಎಂದರೆ ಹಿಡಿತ, ಶಿಸ್ತ್ ಎಂದರೆ ಇಲ್ಲಿ ಗುರಿ. ಮರಾಠಿಯ ‘ಶಿಸ್ತ’ಕ್ಕೆ ಇಂದಿಗೂ ಗುರಿ ಎಂಬ ಅರ್ಥವೂ ಇದೆ, ನಮ್ಮ ಶಿಸ್ತಿನ ಅರ್ಥವೂ ಇದೆ. ಈ ನಂಟು ನನಗೆ ಬಹಳ ಹಿಡಿಸಿತು.

ನನಗೆ ಸರಿಕಾಣದ್ದು ಪಕಡಿನ ಕಥೆ. ಇಂಗ್ಲಿಷ್ ಪಠ್ಯದ ‘ಕನ್ಸಿಸ್ಟೆಂಟ್ ಗ್ರಿಪ್’ ಕರಡಿನಲ್ಲಿ ‘ಸ್ಥಿರ ಹಿಡಿತ’ ಆಗಿದೆ.

‘ಸ್ಥಿರ’ ಎಂದು ಓದಿದವನು ಕೈ ಅಲುಗಬಾರದು ಎಂದುಕೊಂಡು ಬಲವಾಗಿ ಬಿಗಿಯುತ್ತಾನೆ. ಎಲ್ಲ ಬೆರಳೂ ಬಿಗಿದರೆ ತೋರುಬೆರಳು ಒಂಟಿಯಾಗಿ ಆಡಲಾರದು. ಅದು ಟ್ರಿಗರ್ ಒತ್ತುವಾಗ ಇಡೀ ಅಂಗೈ ಮುದುಡಿ ನಳಿಗೆಯ ತುದಿ ವಾಲುತ್ತದೆ. ಬಲಗೈಯವರ ಗುಂಡು ಗುರಿಹಲಗೆಯ ಎಡಗಡೆ ಕೆಳಕ್ಕೆ ಬೀಳುತ್ತದೆ. ಪಠ್ಯದ ಆಶಯವೇ ಬೇರೆ. ಒರೆಯಿಂದ ತೆಗೆದ ಪ್ರತಿ ಸಲವೂ ಕೈ ಅದೇ ಜಾಗದಲ್ಲಿ, ಅದೇ ಒತ್ತಡದಲ್ಲಿ ಕೂರಬೇಕು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು ಹಿಡಿಕೆಯ ಬೆನ್ನಿನ ಮೇಲ್ತುದಿಗೆ ಒತ್ತಿರಬೇಕು, ನಳಿಗೆ ಮುಂಗೈಯ ನೇರಕ್ಕಿರಬೇಕು. ಬಲಗೈ ಬಿಟ್ಟ ಜಾಗವನ್ನು ಎಡ ಅಂಗೈ ತುಂಬಬೇಕು. ಎರಡೂ ಹೆಬ್ಬೆರಳು ಒಂದೇ ಬದಿಯಲ್ಲಿ ಮುಂದಕ್ಕೆ ಚಾಚಿರಬೇಕು. ಗುಂಡು ಹಾರಿದಾಗ ಹಿಂದೆ ಸರಿಯುವ ಪಿಸ್ತೂಲಿನ ಮೇಲ್ಭಾಗವೇ ಸ್ಲೈಡ್. ಹೆಬ್ಬೆರಳು ಅದರ ಹಿಂದೆ ಅಡ್ಡ ಬಂದರೆ ಅದು ಚರ್ಮ ಸೀಳುತ್ತದೆ. ಹಾರಿಸುವ ನಿರ್ಧಾರ ಆಗುವ ತನಕ ತೋರುಬೆರಳು ಟ್ರಿಗರಿನಿಂದ ಹೊರಗೇ ಇರಬೇಕು. ಪ್ರಾಣಕ್ಕೆ ಸಂಚಕಾರ ಬಂದ ಗಳಿಗೆಯಲ್ಲಿ ಹಿಡಿದದ್ದನ್ನು ಸರಿಪಡಿಸಿಕೊಳ್ಳಲು ವ್ಯವಧಾನ ಇರುವುದಿಲ್ಲ. ಹಾಗಾಗಿ ಇಲ್ಲಿ ಬೇಕಾದದ್ದು ಅಲುಗದಿರುವುದನ್ನು ಹೇಳುವ ಪದವಲ್ಲ, ಬದಲಾಗದಿರುವುದನ್ನು ಹೇಳುವ ಪದ.

‘ಏಕರೂಪದ ಹಿಡಿತ’ ಎಂದು ಒಬ್ಬ ಗೆಳೆಯರು ಸೂಚಿಸಿದರು. ಅದು ಹತ್ತು ಜನರೂ ಒಂದೇ ತೆರನಾಗಿ ಹಿಡಿಯಬೇಕು ಎಂಬಂತೆ ಕೇಳಿಸುತ್ತದೆ. ಕೈಯ ಅಳತೆ ಒಬ್ಬೊಬ್ಬರದು ಒಂದೊಂದು. ನನ್ನ ಇಂದಿನ ಹಿಡಿತ ನನ್ನದೇ ನಿನ್ನೆಯ ಹಿಡಿತದಂತೆ ಇದ್ದರೆ ಸಾಕು. ‘ಪಳಗಿದ ಹಿಡಿತ’ ಇಂಪಾಗಿದೆ, ಆದರೆ ಅಭ್ಯಾಸವನ್ನು ಹೇಳುತ್ತದೆಯೇ ಹೊರತು ಗುಣವನ್ನಲ್ಲ. ನನ್ನ ಒಲವು ‘ಒಂದೇ ಅಚ್ಚಿನ ಹಿಡಿತ’ದ ಕಡೆಗೆ.

ಇನ್ನು ‘ಗ್ರಿಪ್’. ಆಯುಧದ ಭಾಗಕ್ಕೆ ‘ಹಿಡಿಕೆ’, ಕೈಯ ಕೆಲಸಕ್ಕೆ ‘ಹಿಡಿತ’ ಎಂದು ಕನ್ನಡ ಚೆನ್ನಾಗಿ ಬೇರ್ಪಡಿಸುತ್ತದೆ. ಕರಡಿನಲ್ಲಿ ಎರಡೂ ಕಲಸಿಹೋಗಿವೆ. ‘ಮುಷ್ಟಿ’ಯನ್ನೂ ಯೋಚಿಸಿದೆ. ಧನುರ್ವೇದದಲ್ಲಿ ಹೆದೆ ಹಿಡಿಯುವ ಬಗೆಗಳಿಗೆ ಆ ಹೆಸರೇ ಇದೆ: ಪತಾಕ, ವಜ್ರಮುಷ್ಟಿ, ಸಿಂಹಕರ್ಣ, ಮತ್ಸರಿ, ಕಾಕತುಂಡಿ. ಪರಂಪರೆ ದೊಡ್ಡದು. ಆದರೆ ಇಂದಿನ ಓದುಗನಿಗೆ ಮುಷ್ಟಿ ಎಂದರೆ ಐದೂ ಬೆರಳು ಮಡಚಿದ ಕೈ. ಪಿಸ್ತೂಲಿನ ಮೇಲೆ ತೋರುಬೆರಳು ಮಡಚಿದರೆ ಅನಾಹುತ. ಕುಸ್ತಿಯ ‘ಪಟ್ಟು’ ಬೇಡವೇ ಬೇಡ, ಅದು ಎದುರಾಳಿಯ ಮೇಲೆ ಹಾಕುವಂಥದ್ದು.

ಎರಡು ಪ್ರಶ್ನೆಗಳು. ‘ಒಂದೇ ಅಚ್ಚಿನ ಹಿಡಿತ’ ಪೂರ್ತಿ ವಾಕ್ಯದಲ್ಲಿ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ಹೆಬ್ಬೆರಳು, ತೋರುಬೆರಳುಗಳ ನಡುವಿನ ಆ ಕವಲಿಗೆ, ಕೊಡಲಿಯ ಕಾವು ಒತ್ತಿ ಒತ್ತಿ ಜಡ್ಡುಗಟ್ಟುವ ಜಾಗಕ್ಕೆ, ಬಾಗಲಕೋಟೆ ಅಥವಾ ವಿಜಯಪುರದ ಕಡೆ ಒಂದೇ ಪದದ ಹೆಸರಿದೆಯೇ? ಇದ್ದರೆ ದಯವಿಟ್ಟು ಬಳಕೆಯ ವಾಕ್ಯದೊಡನೆ ಬರೆಯಿರಿ. ಕೈಪಿಡಿಯಲ್ಲಿ ಆ ಜಾಗದ ಮಾತು ಪುಟಪುಟಕ್ಕೂ ಬರುತ್ತದೆ.